ದಾದಿ ಕಟ್ಟಿಟ್ಟ ನಾಲ್ಕು ಗಂಟುಗಳು

ಸಹೋದರಿಯರೇ, ನೀವು ಎಂದಾದರೂ ಗದಗಕ್ಕೆ ಬಂದಿದ್ದೀರಾ? ಹುಬ್ಬಳ್ಳಿಯಿಂದ ಪೂರ್ವಕ್ಕೆ ಹೊರಟ ರೈಲು ಕಪ್ಪು ಎರಿ ಹೊಲಗಳ ನಡುವೆ ಸುಮಾರು ಒಂದು ಗಂಟೆ ಓಡಿದರೆ ಗದಗ ಜಂಕ್ಷನ್ ಸಿಗುತ್ತದೆ. ಊರು ನೋಡಲು ಬಂದವರು ವೀರನಾರಾಯಣ ದೇವಾಲಯ, ತ್ರಿಕೂಟೇಶ್ವರ ದೇವಾಲಯ ಹಾಗೂ ಅಂಧ ಮಕ್ಕಳಿಗೆ ಸಂಗೀತ ಕಲಿಸಿ ಬದುಕು ಕೊಟ್ಟ ವೀರೇಶ್ವರ ಪುಣ್ಯಾಶ್ರಮವನ್ನು ನೋಡಿಕೊಂಡು ಹಿಂದಿರುಗುತ್ತಾರೆ. ನಾನು ನಿಮ್ಮನ್ನು ಕರೆದೊಯ್ಯಬೇಕೆಂದಿರುವುದು ಬೇರೊಂದು ದಾರಿಯಲ್ಲಿ. ಅದು ಯಾವ ಪ್ರವಾಸಿ ಪುಸ್ತಕದಲ್ಲೂ ಇಲ್ಲ. ಅದು ನನ್ನ ದಾದಿ, ಅಂದರೆ ತಂದೆಯ ತಾಯಿ, ವರ್ಷಕ್ಕೊಮ್ಮೆ ತಪ್ಪದೆ ಸುತ್ತುತ್ತಿದ್ದ ದಾರಿ.

ಹಿಂಗಾರಿ ಜೋಳದ ಸುಗ್ಗಿ ಮುಗಿಯುತ್ತಿದ್ದಂತೆ ದಾದಿ ತಮ್ಮ ಬಟ್ಟೆಯ ಚೀಲ ಸಿದ್ಧಪಡಿಸುತ್ತಿದ್ದರು. ಬೆಟಗೇರಿಯಿಂದ ಲಕ್ಷ್ಮೇಶ್ವರ, ಅಲ್ಲಿಂದ ಶಿರಹಟ್ಟಿ, ಕೊನೆಗೆ ಮುಂಡರಗಿ. 1997ರಲ್ಲಿ ಧಾರವಾಡದಿಂದ ಬೇರೆಯಾದ ಗದಗ ಜಿಲ್ಲೆಯೊಳಗೇ ಈ ನಾಲ್ಕೂ ಊರುಗಳಿವೆ. ಎಂಟು ದಿನದ ಸುತ್ತು. "ಎಲ್ಲಿಗೆ ದಾದಿ?" ಎಂದು ಕೇಳಿದರೆ ಅವರದು ಒಂದೇ ಮಾತು: "ಮಿಲ್ಕೋ ಆತೂಂ." ಭೇಟಿಯಾಗಿ ಬರುತ್ತೇನೆ ಎಂದರ್ಥ. ನೋಡುವ ಊರುಗಳ ಪಟ್ಟಿ ಅವರಲ್ಲಿರಲಿಲ್ಲ, ಭೇಟಿಯಾಗಬೇಕಾದ ಜನರ ಪಟ್ಟಿ ಇತ್ತು.

2023ರ ಮೇ ತಿಂಗಳಲ್ಲಿ, ಸುಮಾರು 85ರ ವಯಸ್ಸಿನಲ್ಲಿ, ದಾದಿ ಅಲ್ಲಾಹನ ಕಡೆಗೆ ಮರಳಿದರು. ಆ ವರ್ಷದ ಸುಗ್ಗಿಗೆ ಕಾಯಿಲೆಯಿಂದಾಗಿ ಅವರು ಹೊರಟಿರಲಿಲ್ಲ. ಕೆಲವು ತಿಂಗಳ ನಂತರ ಅವರ ತಗಡಿನ ಟ್ರಂಕ್ ತೆರೆದಾಗ ಒಳಗೆ ನಾಲ್ಕು ಗಂಟುಗಳಿದ್ದವು. ಒಂದರಲ್ಲಿ ಕುಪ್ಪಸದ ಖಣ. ಇನ್ನೊಂದರಲ್ಲಿ ಅತ್ತರಿನ ಸಣ್ಣ ಶೀಸೆ ಮತ್ತು ಸುರ್ಮಾ. ಮೂರನೆಯದರಲ್ಲಿ ಬೇವಿನ ಎಲೆ ಬೆರೆಸಿದ ಒಂದು ಸೇರು ಜೋಳ. ನಾಲ್ಕನೆಯದು ಬಿಳಿ ಬಟ್ಟೆಯಲ್ಲಿ ಮೂರು ಸುತ್ತು ಸುತ್ತಿದ ಹಣ. ಯಾವುದು ಯಾರಿಗೆ ಎಂದು ಬರೆದಿರಲಿಲ್ಲ. ದಾದಿಗೆ ಕುರ್‌ಆನ್ ಓದಲು ಬರುತ್ತಿತ್ತು, ಕನ್ನಡ ಬರೆಯಲು ಬಾರದು. ಆದರೆ ಚಿಕ್ಕಂದಿನಲ್ಲಿ ನಾಲ್ಕಾರು ಸಲ ಅವರ ಸೆರಗು ಹಿಡಿದು ಸುತ್ತಿದ್ದ ನನಗೆ ನೋಡಿದ ಕೂಡಲೇ ತಿಳಿಯಿತು. ಅವರು ಹೊರಡಲು ಸಿದ್ಧರಾಗಿದ್ದರು, ದೇಹ ಒಪ್ಪಿರಲಿಲ್ಲ.

2024ರ ಫೆಬ್ರವರಿಯಲ್ಲಿ, ರಮಝಾನ್ ಬರುವ ಮುಂಚೆ, ಆ ಗಂಟುಗಳನ್ನು ಅದೇ ಚೀಲದಲ್ಲಿ ಹಾಕಿಕೊಂಡು ಮಗಳೊಂದಿಗೆ ನಾನು ಹೊರಟೆ.

ಮಗ್ಗದ ಓಣಿ

ಗದಗಕ್ಕೆ ಅಂಟಿಕೊಂಡೇ ಇರುವ ಬೆಟಗೇರಿ ನೇಕಾರರ ಊರು. ಎರಡೂ ಊರಿಗೆ ಒಂದೇ ನಗರಸಭೆ. ನಾನು ಸಣ್ಣವಳಿದ್ದಾಗ ನಮ್ಮ ಓಣಿಯಲ್ಲಿ ಫಜ್ರ್ ನಮಾಝಿನ ಹಿಂದೆಯೇ ಮಗ್ಗದ ಸದ್ದು ಶುರುವಾಗುತ್ತಿತ್ತು. ದಾದಾ ಗದಗದ ಅರಳೆ ಪೇಟೆಯಲ್ಲಿ ಹಮಾಲಿ ಮಾಡುತ್ತಿದ್ದರು. ದಾದಿ ಮನೆಯಲ್ಲೇ ಕುಳಿತು ಪಕ್ಕದ ನೇಕಾರರ ಮನೆಗೆ ಲಾಳಿಯಲ್ಲಿ ಹಾಕುವ ಕಂಡಿಕೆ ಸುತ್ತಿಕೊಡುತ್ತಿದ್ದರು. ಆ ಕೂಲಿಯಲ್ಲಿ ದಿನಕ್ಕೆ ನಾಲ್ಕಾಣೆ, ಎಂಟಾಣೆ ಬೇರೆ ಡಬ್ಬಿಯಲ್ಲಿ ಬೀಳುತ್ತಿತ್ತು. ಅದು ಬಸ್ಸಿನ ಖರ್ಚು. ಅದನ್ನು ಎಂಥ ಕಷ್ಟದಲ್ಲೂ ಅವರು ಮುಟ್ಟುತ್ತಿರಲಿಲ್ಲ.

ಮೊದಲ ಗಂಟಿನ ಖಣ ಆ ನೇಕಾರರ ಮನೆಯ ಅವ್ವನಿಗೆ. ಗದಗ-ಬೆಟಗೇರಿಯ ನೀರಿನ ಕಷ್ಟ ನಮ್ಮ ಕಡೆ ಎಲ್ಲರಿಗೂ ಗೊತ್ತು. ನಳದ ನೀರಿಗಾಗಿ ಎಂಟು ದಿನ, ಹದಿನೈದು ದಿನ ಕಾಯ್ದದ್ದೂ ಉಂಟು. ನೀರು ಬಂದ ದಿನ ಓಣಿಯಲ್ಲಿ ಜಗಳ ನಿಶ್ಚಿತ. ಆದರೆ ಈ ಎರಡು ಮನೆಗಳ ನಡುವೆ ಒಂದು ಕರಾರಿತ್ತು. ಯಾರ ಮನೆಯ ಹಂಡೆ ತುಂಬಿದರೂ ಎರಡನೆಯ ಕೊಡ ಪಕ್ಕದ ಮನೆಗೆ. ಅವ್ವ ಖಣವನ್ನು ಕಣ್ಣಿಗೆ ಒತ್ತಿಕೊಂಡು, "ಎರಡನೇ ಕೊಡಾ ಇನ್ನೂ ನಿಮ್ಮನಿಗೇ ಐತಿ ತಂಗಿ" ಎಂದರು.

ಎಪ್ಪತ್ತು ವರ್ಷದ ಗೆಳೆತನ

ಗದಗ ಬಸ್ ನಿಲ್ದಾಣದಲ್ಲಿ ಲಕ್ಷ್ಮೇಶ್ವರದ ಬಸ್ ಹತ್ತಿದೆವು. ನಿರ್ವಾಹಕ ಆಧಾರ್ ಕಾರ್ಡ್ ನೋಡಿ ಶೂನ್ಯ ಮೊತ್ತದ ಟಿಕೆಟ್ ಹರಿದುಕೊಟ್ಟರು. ಮಹಿಳೆಯರಿಗೆ ಉಚಿತ ಪ್ರಯಾಣದ ಶಕ್ತಿ ಯೋಜನೆ ಶುರುವಾದದ್ದು 2023ರ ಜೂನ್ 11ರಂದು. ದಾದಿ ತೀರಿಕೊಂಡು ಒಂದು ತಿಂಗಳೂ ಆಗಿರಲಿಲ್ಲ. ಆ ಟಿಕೆಟ್ ಕೈಯಲ್ಲಿ ಹಿಡಿದು ನಾನು ಕಂಡಿಕೆಯ ಡಬ್ಬಿಯನ್ನು ನೆನೆದೆ. ಖರ್ಚಿಲ್ಲದ ನಾವು ಎಲ್ಲಿಗೂ ಹೋಗುವುದಿಲ್ಲ, ಎಂಟಾಣೆ ಕೂಡಿಸುತ್ತಿದ್ದವರು ಎಲ್ಲ ಮನೆಗೂ ಹೋಗಿ ಬರುತ್ತಿದ್ದರು.

ಮುಳಗುಂದ ದಾಟಿ ಬಸ್ ಲಕ್ಷ್ಮೇಶ್ವರ ಸೇರುತ್ತದೆ. ಇದರ ಹಳೆಯ ಹೆಸರು ಪುಲಿಗೆರೆ. ಆದಿಕವಿ ಪಂಪನ ನೆನಪಿನೊಂದಿಗೆ ಬೆಸೆದ ಊರು. ಸೋಮೇಶ್ವರ ದೇವಾಲಯ, ಶಂಖ ಬಸದಿ ಇಲ್ಲಿವೆ. ಬಿಜಾಪುರದ ಆದಿಲ್‌ಶಾಹಿಗಳ ಕಾಲದಲ್ಲಿ, 1617ರಲ್ಲಿ, ಅಂಕುಶಖಾನ್ ಕಟ್ಟಿಸಿದ ಜುಮ್ಮಾ ಮಸೀದಿಯೂ ಇಲ್ಲಿದೆ. ನೀವು ಬಂದರೆ ಅದರ ಎರಡು ಮಿನಾರುಗಳನ್ನು ದೂರದಿಂದಲೇ ನೋಡಿ. ನಾಲ್ಕು ನೂರು ವರ್ಷಗಳಿಂದ ಅಲ್ಲಿ ಸಜ್ದಾ ನಿಂತಿಲ್ಲ ಎಂದು ನೆನೆದರೆ ಮನಸ್ಸು ತುಂಬುತ್ತದೆ.

ಇದು ದಾದಿಯ ತವರು. ಅವರು ಹುಟ್ಟಿದಾಗ ಈ ಊರು ಮಿರಜ್ ಸಂಸ್ಥಾನದಲ್ಲಿತ್ತು. ಅವರೊಂದಿಗೆ ಕಾಯಿದೆ ಹಿಡಿದು ಅಲಿಫ್, ಬೇ ಕಲಿತ ಗೆಳತಿಯೊಬ್ಬರು ಇನ್ನೂ ಇದ್ದಾರೆ. ಈಗ ಕಣ್ಣು ಮಂಜಾಗಿದೆ. ನಾನು ಅತ್ತರಿನ ಶೀಸೆ ತೆರೆದು ಅವರ ಮಣಿಕಟ್ಟಿಗೆ ಹಚ್ಚಿದೆ. ಮೂಗಿನ ಬಳಿ ಹಿಡಿದು ಸ್ವಲ್ಪ ಹೊತ್ತು ಸುಮ್ಮನಿದ್ದರು. ನಂತರ ಕೇಳಿದ ಮೊದಲ ಪ್ರಶ್ನೆ, "ಅವಳ ಮೇಲೆ ಯಾರದಾದರೂ ಸಾಲ ಉಳಿದಿದೆಯಾ?"

ಸಹೋದರಿಯರೇ, ಗೆಳೆತನ ಎಂದರೆ ಇದಲ್ಲವೇ? ನಾವು ತೀರಿಕೊಂಡವರ ಮನೆಗೆ ಹೋಗಿ ಏನು ಕಾಯಿಲೆಯಾಗಿತ್ತು, ಎಷ್ಟು ಜನ ಸೇರಿದ್ದರು ಎಂದು ಕೇಳುತ್ತೇವೆ. ಆ ಮುದುಕಿ ತನ್ನ ಗೆಳತಿಯ ಕಬರಿನ ನೆಮ್ಮದಿಯ ಬಗ್ಗೆ ಕೇಳಿದರು. ಮೃತರ ಆಸ್ತಿಯಿಂದ ಕಫನ್-ದಫನ್ ನಂತರ ಮೊದಲು ಸಲ್ಲಬೇಕಾದದ್ದು ಸಾಲ. ಆಮೇಲೆ ವಸಿಯ್ಯತ್, ಕೊನೆಗೆ ವಾರಸುದಾರರ ಪಾಲು. ಇದನ್ನು ನಾನು ಮಕ್ಕಳಿಗೆ ಪಾಠ ಮಾಡುವವಳು. ಆದರೂ ಆ ಪ್ರಶ್ನೆಗೆ ಉತ್ತರಿಸಲು ತಡವರಿಸಿದೆ. ನನ್ನ ಚೀಲದಲ್ಲಿ ನಾಲ್ಕನೆಯ ಗಂಟು ಇತ್ತು.

"ಮುಂಡರಗಿಗೆ ಕೊನೆಗೆ ಹೋಗುತ್ತೀಯಾ?" ಎಂದರವರು. "ಅವಳೂ ಅಲ್ಲಿಗೆ ಕೊನೆಗೇ ಹೋಗುತ್ತಿದ್ದಳು. ಕಷ್ಟದ ಮನೆ ಅದು. ನೀನು ಅರ್ಧ ದಾರಿಯಿಂದ ತಿರುಗಬೇಡ."

ಒಂದು ಸೇರು ಜೋಳ

ಲಕ್ಷ್ಮೇಶ್ವರದಿಂದ ಶಿರಹಟ್ಟಿ ದೂರವಿಲ್ಲ. ಸ್ವಾತಂತ್ರ್ಯಕ್ಕೆ ಮುಂಚೆ ಇದು ಸಾಂಗ್ಲಿ ಸಂಸ್ಥಾನದ ತಾಲೂಕಾಗಿತ್ತು. ಇಲ್ಲಿನ ಫಕೀರೇಶ್ವರ ಮಠ ಭಾವೈಕ್ಯಕ್ಕೆ ಹೆಸರಾದದ್ದು. ಫಕೀರ ಎಂಬ ಹೆಸರೇ ಬಿಜಾಪುರದ ಸೂಫಿಗಳೊಂದಿಗಿನ ಹಳೆಯ ನಂಟನ್ನು ಹೇಳುತ್ತದೆ. ಆಗಿ ಹುಣ್ಣಿಮೆಯ ಹೊತ್ತಿನ ಜಾತ್ರೆಗೆ ಎರಡೂ ಸಮುದಾಯದವರು ಬರುತ್ತಾರೆ.

ಮೂರನೆಯ ಗಂಟು ಇಲ್ಲಿನ ಒಬ್ಬ ಲಿಂಗಾಯತ ಅವ್ವನಿಗೆ. ಅವರು ಮೊದಲು ಬೆಟಗೇರಿಯಲ್ಲೇ ದಾದಿಯ ಜೊತೆ ಕಂಡಿಕೆ ಸುತ್ತುತ್ತಿದ್ದರು, ನಂತರ ಮಗನ ಜೊತೆ ಇಲ್ಲಿಗೆ ಬಂದವರು. 1972ರ ಬರಗಾಲವನ್ನು ನಿಮ್ಮ ಮನೆಯ ಹಿರಿಯರು ನೆನೆಯುತ್ತಿರಬಹುದು. ಆ ವರ್ಷ ನಮ್ಮ ಮನೆಯಲ್ಲಿ ಒಲೆ ಹೊತ್ತದ ದಿನ ಈ ಅವ್ವ ಸೆರಗಿನಲ್ಲಿ ಮುಚ್ಚಿಕೊಂಡು ನಾಲ್ಕು ಸೇರು ಜೋಳ ತಂದುಕೊಟ್ಟಿದ್ದರಂತೆ. ಟ್ರಂಕಿನಲ್ಲಿದ್ದ ಜೋಳಕ್ಕೆ ಬೇವಿನ ಎಲೆ ಇದ್ದರೂ ಹುಳ ಹಿಡಿದಿತ್ತು. ಹೊಸ ಜೋಳ ಅಳೆದು ಅದೇ ಬಟ್ಟೆಯಲ್ಲಿ ಕಟ್ಟಿಕೊಂಡು ಹೋಗಿದ್ದೆ. "ಸಾಲದ ಜೋಳ ತಂದಿದ್ದೇನೆ ಅವ್ವಾ" ಎಂದೆ. ಅವರು ನಕ್ಕರು, ನಗುತ್ತಲೇ ಅತ್ತರು.

"ಅಯ್ಯ ನಮ್ಮವ್ವಾ, ಆ ಸಾಲ ಯಾವಾಗೋ ತೀರೇತಿ! ಮುಂದಿನ ಸುಗ್ಗಿಗೇ ನಾಕೂ ಸೇರು ತಿರುಗಿ ಕೊಟ್ಟಾಳ ನಿಮ್ಮಜ್ಜಿ. ಆದ್ರೂ ವರ್ಷಾ ಒಂದ್ ಸೇರು ತರಾಕಿ. ಬ್ಯಾಡವಾ ಅಂದ್ರ, ಜ್ವಾಳ ನಿಂತ್ರ ನಾ ಬರಾಕ ನೆವಾ ಏನ್ ಉಳೀತೈತಿ ಅಂತಿದ್ಲು."

ಐವತ್ತು ವರ್ಷ ಆ ಒಂದು ಸೇರು ಜೋಳ ಇಬ್ಬರು ಹೆಂಗಸರ ನಡುವೆ ಓಡಾಡಿದೆ. ಝುಹ್ರ್ ಹೊತ್ತಾಗಿತ್ತು. ಅವ್ವ ಸೊಸೆಗೆ ಹೇಳಿ ಪಡಸಾಲೆಯ ಮೂಲೆ ಒರೆಸಿಸಿ ಚಾಪೆ ಹಾಸಿದರು. ದಾದಿ ನಮಾಝ್ ಮಾಡುತ್ತಿದ್ದ ಮೂಲೆ ಅದೇ. ಕಿಬ್ಲಾ ಯಾವ ಕಡೆಗೆ ಎಂದು ನಾನು ಕೇಳಬೇಕಾಗಲಿಲ್ಲ, ಚಾಪೆಯನ್ನು ಅವರೇ ಸರಿಯಾಗಿ ಹಾಸಿದ್ದರು. ನಮಾಝಿನ ನಂತರ ಬಿಸಿ ರೊಟ್ಟಿ, ಝುಣಕ, ಶೇಂಗಾ ಹಿಂಡಿ ಬಡಿಸಿದರು.

ದಾರಿಯಲ್ಲಿ ಮಗಳು, "ಅಮ್ಮಿ, ಸತ್ತವರ ಗೆಳತಿಯರಿಗೆ ಕೊಡುವುದು ಸುನ್ನತ್ತಾ?" ಎಂದು ಕೇಳಿದಳು. ನಾನು ಅವಳಿಗೆ ಎರಡು ಘಟನೆ ಹೇಳಿದೆ, ನಿಮಗೂ ಹೇಳುತ್ತೇನೆ. ಪ್ರವಾದಿವರ್ಯರು(ಸ) ಹಝ್ರತ್ ಖದೀಜಾ(ರ) ನಿಧನರಾಗಿ ವರ್ಷಗಳಾದ ನಂತರವೂ ಆಡು ಕೊಯ್ದರೆ ಅದರ ಮಾಂಸವನ್ನು ಖದೀಜಾರ(ರ) ಗೆಳತಿಯರ ಮನೆಗೆ ಕಳುಹಿಸಿಕೊಡುತ್ತಿದ್ದರು. ಇನ್ನು ಅಬ್ದುಲ್ಲಾ ಬಿನ್ ಉಮರ್(ರ) ಒಮ್ಮೆ ಮಕ್ಕಾದ ದಾರಿಯಲ್ಲಿ ಒಬ್ಬ ಗ್ರಾಮೀಣ ಅರಬನನ್ನು ಕಂಡು ತಾವು ಸವಾರಿ ಮಾಡುತ್ತಿದ್ದ ಕತ್ತೆಯನ್ನೂ ತಲೆಯ ಮುಂಡಾಸವನ್ನೂ ಕೊಟ್ಟುಬಿಟ್ಟರು. ಜೊತೆಗಿದ್ದವರು ಅಚ್ಚರಿಪಟ್ಟಾಗ, ಈತನ ತಂದೆ ನನ್ನ ತಂದೆಯ ಸ್ನೇಹಿತರಾಗಿದ್ದರು ಎಂದರು. ತಂದೆಯ ಪ್ರೀತಿಪಾತ್ರರೊಂದಿಗೆ ಸಂಬಂಧ ಉಳಿಸಿಕೊಳ್ಳುವುದು ಶ್ರೇಷ್ಠ ಪುಣ್ಯಗಳಲ್ಲೊಂದು ಎಂದು ಪ್ರವಾದಿಯವರಿಂದ(ಸ) ಕೇಳಿದ್ದೆ ಎಂದೂ ತಿಳಿಸಿದರು. ನನ್ನ ದಾದಿಗೆ ಈ ಹದೀಸ್‌ಗಳು ಗೊತ್ತಿದ್ದವೋ ಇಲ್ಲವೋ ನಾನರಿಯೆ. ಬದುಕಂತೂ ಹಾಗೆಯೇ ಇತ್ತು.

ಕಷ್ಟದ ಮನೆ

ಶಿರಹಟ್ಟಿಯಿಂದ ಮುಂಡರಗಿಗೆ ಹೋಗುವಾಗ ಕಪ್ಪತಗುಡ್ಡದ ಸಾಲು ಜೊತೆಗೇ ಬರುತ್ತದೆ. ಔಷಧಿ ಗಿಡಮೂಲಿಕೆಗಳಿಗೆ ಪ್ರಸಿದ್ಧವಾದ ಗುಡ್ಡವಿದು, 2019ರಲ್ಲಿ ಇದನ್ನು ವನ್ಯಜೀವಿಧಾಮವೆಂದು ಘೋಷಿಸಲಾಯಿತು. ಎರಿ ನೆಲ ಮುಗಿದು ಕೆಂಪು ಮಸಾರಿ ನೆಲ ಕಾಣಿಸುತ್ತದೆ. ಗುಡ್ಡದ ನೆತ್ತಿಯಲ್ಲಿ ಗಾಳಿಯಂತ್ರಗಳು ತಿರುಗುತ್ತಿರುತ್ತವೆ. ಮುಂಡರಗಿ ಎಂದರೆ 1858ರಲ್ಲಿ ಬ್ರಿಟಿಷರ ವಿರುದ್ಧ ಎದ್ದುನಿಂತು ಕೊಪ್ಪಳ ಕೋಟೆಯಲ್ಲಿ ಮಡಿದ ಭೀಮರಾಯನ ಊರು. ನನಗೆ ಅದು ಫೂಫಿಯ ಊರು. ಫೂಫಿ ಅಬ್ಬಾರ ಒಬ್ಬಳೇ ತಂಗಿ.

ಈಗ ನಾಲ್ಕನೆಯ ಗಂಟಿನ ವಿಷಯ ಹೇಳಬೇಕು. ದಾದಾ 2009ರಲ್ಲಿ ತೀರಿಕೊಂಡರು. 2012ರಲ್ಲಿ ಮನೆಯ ಹಿತ್ತಲ ಜಾಗ ಮಾರಾಟವಾಯಿತು. ಅಬ್ಬಾ ಮತ್ತು ಚಾಚಾ ಹಣ ಹಂಚಿಕೊಂಡು ದಾದಿಗೆ ಕೈಖರ್ಚಿಗೆಂದು 15 ಸಾವಿರ ಕೊಟ್ಟರು. ಫೂಫಿಗೆ ಏನೂ ಇಲ್ಲ. "ಮದುವೆಯಲ್ಲಿ ಬಂಗಾರ, ಪಾತ್ರೆ ಕೊಟ್ಟಾಗಿದೆಯಲ್ಲ" ಎಂದರು. ಫೂಫಿ ಒಮ್ಮೆ ಕೇಳಿದರು. ಮಾತಿಗೆ ಮಾತು ಬೆಳೆಯಿತು. ಅಂದು ಹೋದವರು ಬೆಟಗೇರಿಯ ಹೊಸ್ತಿಲು ತುಳಿದದ್ದು ತಾಯಿಯ ಮಯ್ಯಿತ್ ನೋಡಲು.

ದಾದಿ ಆ ಹಣದಲ್ಲಿ ಒಂದು ರೂಪಾಯಿ ಮುಟ್ಟಲಿಲ್ಲ. "ಇದು ನನ್ನದಲ್ಲ, ಮುಂಡರಗಿಯ ಅಮಾನತ್" ಎಂದು ಎಲ್ಲರ ಮುಂದೆ ಹೇಳುತ್ತಿದ್ದರು. 2016ರ ನವೆಂಬರಿನಲ್ಲಿ ಹಳೆಯ ನೋಟುಗಳು ರದ್ದಾದಾಗ ನನ್ನನ್ನು ಕರೆದುಕೊಂಡು ಬ್ಯಾಂಕಿನ ಸಾಲಿನಲ್ಲಿ ನಿಂತರು. ಖಾತೆಗೆ ಹಾಕಿ, ತಿಂಗಳುಗಟ್ಟಲೆ ಸ್ವಲ್ಪ ಸ್ವಲ್ಪವೇ ಹೊಸ ನೋಟು ತೆಗೆದು ಮತ್ತೆ ಅದೇ ಬಿಳಿ ಬಟ್ಟೆಯಲ್ಲಿ ಕಟ್ಟಿದರು. ಪ್ರತಿವರ್ಷ ಆ ಗಂಟನ್ನು ಮುಂಡರಗಿಗೆ ಒಯ್ಯುತ್ತಿದ್ದರು. ಫೂಫಿ ಮುಟ್ಟುತ್ತಿರಲಿಲ್ಲ. ಮತ್ತೆ ತರುತ್ತಿದ್ದರು.

ಹೊರಡುವ ಮುಂಚೆ ನಾನು ಅಬ್ಬಾರನ್ನು ಕೇಳಿದ್ದೆ. ವಾರಸುದಾರರಿಗೆ ವಸಿಯ್ಯತ್ ಸಲ್ಲದು. ದಾದಿಯ ಸ್ವಂತ ಹಣವಾಗಿದ್ದರೆ ಅದು ಎಲ್ಲರಿಗೂ ಹಂಚಿಕೆಯಾಗಬೇಕಿತ್ತು. ಆದರೆ ಅಮಾನತ್ ಯಾರದೋ ಅವರಿಗೇ ಮುಟ್ಟಬೇಕು. ಅಬ್ಬಾ ತಲೆ ಎತ್ತದೆ, "ಅಮ್ಮಿ ಹೇಳುತ್ತಿದ್ದುದು ನನಗೂ ಗೊತ್ತು. ಕೊಟ್ಟು ಬಾ" ಎಂದರು.

ಇಲ್ಲಿ ನನ್ನ ತಪ್ಪನ್ನೂ ಹೇಳದಿದ್ದರೆ ಈ ಬರಹ ಸುಳ್ಳಾದೀತು. ಫರಾಯಿಝ್‌ನ ಪಾಠ ನಾನು ಎಷ್ಟೋ ವರ್ಷ ಕಲಿಸಿದ್ದೇನೆ. ಮಕ್ಕಳಿರುವ ಗಂಡ ತೀರಿಕೊಂಡರೆ ಹೆಂಡತಿಗೆ ಎಂಟರಲ್ಲಿ ಒಂದು ಪಾಲು. ಉಳಿದದ್ದರಲ್ಲಿ, ಇಬ್ಬರು ಗಂಡುಮಕ್ಕಳು ಮತ್ತು ಒಬ್ಬ ಮಗಳಿದ್ದರೆ, ಐದು ಪಾಲು ಮಾಡಿ ಎರಡು, ಎರಡು, ಒಂದು. ಇದನ್ನು ಕಪ್ಪು ಹಲಗೆಯ ಮೇಲೆ ಬರೆದಾಗಲೆಲ್ಲ ನನ್ನ ಮನೆಯದೇ ಲೆಕ್ಕ ಅದು ಎಂದು ನನಗೆ ಗೊತ್ತಿತ್ತು. ಮನೆಯಲ್ಲಿ ಒಂದು ಮಾತೂ ಆಡಲಿಲ್ಲ. ಹಿರಿಯರ ಮುಂದೆ ಹೇಗೆ ಹೇಳುವುದು ಎಂಬ ನೆಪ ಇತ್ತು. ದಾದಿಯ ದಫನ್ ಆದ ಸಂಜೆಯೇ ಫೂಫಿ ಬಸ್ಸಿಗೆ ಹೊರಟು ನಿಂತಾಗ ಮನೆ ತುಂಬ ಹೆಂಗಸರಿದ್ದರು. "ಇರು" ಎಂದು ಯಾರೂ ಹೇಳಲಿಲ್ಲ. ನಾನು ಬಂದವರಿಗೆ ಚಹಾ ಕೊಡುತ್ತಿದ್ದೆ. ನಾನೂ ಹೇಳಲಿಲ್ಲ.

ಫೂಫಿ ಬಾಗಿಲು ತೆರೆದು ಚೀಲವನ್ನೇ ನೋಡಿದರು. ತಾಯಿಯ ಚೀಲ ಗುರುತಾಯಿತು. ನಾನು ಗಂಟನ್ನು ಮುಂದಿಟ್ಟು, "ಮಾಫ್ ಮಾಡಿ ಫೂಫಿ, ಅಂದು ನಿಮ್ಮನ್ನು ಇರಿ ಎನ್ನಬೇಕಿತ್ತು" ಎಂದೆ. ಅವರು ಹಣ ಎಣಿಸಲಿಲ್ಲ. ಬಿಳಿ ಬಟ್ಟೆಯನ್ನು ಬಿಡಿಸಿ ಮಡಿಲಲ್ಲಿ ಹಾಸಿಕೊಂಡರು.

"ಅಮ್ಮಿ ಪ್ರತಿವರ್ಷ ಬಂದು, ಯಾವಾಗ ಬರುತ್ತೀ ಎಂದು ಕೇಳುತ್ತಿದ್ದಳು. ಭಾಯಿ ಕರೆದಾಗ ಬರುತ್ತೇನೆ ಎನ್ನುತ್ತಿದ್ದೆ. ನನಗೆ ಹಿತ್ತಲ ಜಾಗ ಬೇಕಿರಲಿಲ್ಲ ಬೇಟಿ. ಆ ಮನೆಯಲ್ಲಿ ನನಗೂ ಒಂದು ಪಾಲಿದೆ ಎಂದು ಯಾರಾದರೂ ಬಾಯಿಬಿಟ್ಟು ಹೇಳಬೇಕಿತ್ತು."

ಅಂದು ರಾತ್ರಿ ಅಲ್ಲೇ ಉಳಿದೆವು. ದಾದಿ ಮಲಗುತ್ತಿದ್ದ ಜಾಗದಲ್ಲಿ ಫೂಫಿ ನನ್ನ ಮಗಳಿಗೆ ಹಾಸಿಗೆ ಹಾಸಿದರು.

ಮನೆಗೆ ಮರಳಿ

ಬೆಟಗೇರಿಗೆ ಬಂದು ಫೂಫಿಯ ಮಾತನ್ನು ಅಬ್ಬಾರಿಗೆ ಹೇಳಿದೆ. ಆಮೇಲೆ ಮೊದಲ ಬಾರಿಗೆ, ಮಗಳ ಗಣಿತದ ಪುಸ್ತಕದ ಹಿಂದಿನ ಹಾಳೆಯಲ್ಲಿ, ಆ ಐದು ಪಾಲಿನ ಲೆಕ್ಕ ಬರೆದು ಮುಂದಿಟ್ಟೆ. ಅವರು ಬಹಳ ಹೊತ್ತು ನೋಡಿದರು. ಏನೂ ಹೇಳಲಿಲ್ಲ. ಆ ವರ್ಷ ಈದುಲ್ ಫಿತ್ರ್ ಆದ ಮರುವಾರ, ಮೊಣಕಾಲು ನೋವಿದ್ದರೂ, ನನ್ನೊಂದಿಗೆ ಮುಂಡರಗಿಯ ಬಸ್ ಹತ್ತಿದರು. ಫೂಫಿಯ ಬಾಗಿಲಲ್ಲಿ ನಿಂತು, "ಕರೆಯಲು ಬಂದಿದ್ದೇನೆ" ಎಂದರು. ತಮ್ಮ ಕಡೆಯಿಂದ ಸಲ್ಲಬೇಕಾದುದನ್ನು ಮೂರು ಕಂತುಗಳಲ್ಲಿ ಕೊಟ್ಟರು. ಕೊನೆಯದು 2025ರಲ್ಲಿ ಮುಟ್ಟಿತು. ಚಾಚಾ ಇನ್ನೂ ಒಪ್ಪಿಲ್ಲ. ಅವರ ಮನೆಗೂ ನಾನು ಹೋಗುತ್ತಿದ್ದೇನೆ. ದಾದಿಯಾಗಿದ್ದರೆ ಹೋಗುವುದನ್ನು ಬಿಡುತ್ತಿರಲಿಲ್ಲ.

ಪ್ರಿಯ ಓದುಗರೇ, ತಂದೆತಾಯಿ ಬಿಟ್ಟುಹೋದುದರಲ್ಲಿ, ಅದು ಸ್ವಲ್ಪವಿರಲಿ ಹೆಚ್ಚಿರಲಿ, ಹೆಣ್ಣಿಗೂ ನಿಶ್ಚಿತ ಪಾಲಿದೆ ಎಂದು ಸೂರಃ ಅನ್ನಿಸಾ ಹದಿನಾಲ್ಕು ಶತಮಾನಗಳ ಹಿಂದೆಯೇ ತಿಳಿಸಿತು. ನಮ್ಮ ದೇಶದಲ್ಲಿ 1937ರ ಶರೀಅತ್ ಕಾಯ್ದೆ ಮನೆ, ನಿವೇಶನ, ಹಣದಂಥ ಆಸ್ತಿಗೆ ಇದನ್ನೇ ಅನ್ವಯಿಸುತ್ತದೆ. ಆದರೂ ಎಷ್ಟೋ ಸಹೋದರಿಯರು ತವರಿನ ಬಾಗಿಲು ಮುಚ್ಚೀತೆಂಬ ಭಯದಿಂದ ಬಾಯಿ ತೆರೆಯುವುದಿಲ್ಲ. ಆ ಮೌನವನ್ನು ಒಪ್ಪಿಗೆ ಎಂದುಕೊಳ್ಳಬೇಡಿ. ಅವರು ಕೇಳುವ ಮುಂಚೆ ಕೊಡಿ. ನೀವು ಅಣ್ಣತಮ್ಮಂದಿರ ಹೆಂಡತಿಯರಾಗಿದ್ದರೆ ಮೊದಲ ಮಾತು ನಿಮ್ಮಿಂದಲೇ ಬರಲಿ.

ಇನ್ನೊಂದು ಕೆಲಸ ಮಾಡಿ. ನಿಮ್ಮ ಅಜ್ಜಿ ಬದುಕಿದ್ದರೆ ಇಂದೇ ಅವರ ಬಳಿ ಕುಳಿತು, ಅವರು ಯಾರ ಯಾರ ಮನೆಗೆ ಹೋಗುತ್ತಿದ್ದರು ಎಂದು ಕೇಳಿ ಬರೆದಿಟ್ಟುಕೊಳ್ಳಿ. ತೀರಿಕೊಂಡಿದ್ದರೆ ಅವರ ಗೆಳತಿಯರಲ್ಲಿ ಯಾರಾದರೂ ಉಳಿದಿದ್ದಾರೆಯೇ ನೋಡಿ. ಒಂದು ಸೇರು ಜೋಳ ಸಾಕು, ಹೋಗಲು ನೆಪ ಬೇಕಷ್ಟೆ.

ಈ ಸುಗ್ಗಿಗೂ ನಮ್ಮ ಮನೆಯಲ್ಲಿ ಗಂಟುಗಳು ಸಿದ್ಧವಾದವು. ಈ ಸಲ ಅವುಗಳನ್ನು ಕಟ್ಟಿದವಳು ನನ್ನ ಮಗಳು. ಮುಂಡರಗಿಯ ಗಂಟಿನಲ್ಲಿ ಈಗ ಹಣವಿಲ್ಲ, ಬೆಟಗೇರಿಯ ಕಡಕ್ ರೊಟ್ಟಿ ಇದೆ. ಅಲ್ಲಾಹನು ನನ್ನ ದಾದಿಯ ಕಬರನ್ನು ಬೆಳಗಿಸಲಿ, ಅವರು ನಡೆದ ದಾರಿಯಲ್ಲಿ ನಮ್ಮ ಕಾಲುಗಳನ್ನು ಗಟ್ಟಿಗೊಳಿಸಲಿ. ಆಮೀನ್.